ಹಳೆಯ ಕಾರು ಕೊಳ್ಳುವಾಗ ಮೀಟರ್ ನಂಬಬೇಕೋ, ಚರಿತ್ರೆ ನಂಬಬೇಕೋ?

ಹಾವೇರಿ: ಎತ್ತು ಕೊಳ್ಳಲು ಸಂತೆಗೆ ಹೋದ ರೈತ ಮೊದಲು ಅದರ ಬಾಯಿ ತೆರೆಸಿ ಹಲ್ಲು ಎಣಿಸುತ್ತಾನೆ. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿಗೂಡಿದ್ದೋ ಎಂಬುದು ತಿಳಿದ ಮೇಲೂ ಹಣ ಎಣಿಸುವುದಿಲ್ಲ. ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ, ಗೊರಸು ನೋಡುತ್ತಾನೆ, ಕೊನೆಗೆ ‘ಯಾರ ಮನೆಯ ಎತ್ತು?’ ಎಂದು ಕೇಳುತ್ತಾನೆ. ಆದರೆ ಅದೇ ಮನೆಯವರು ಹಳೆಯ ಕಾರು ಕೊಳ್ಳಲು ಹೊರಟಾಗ ಈ ಎಚ್ಚರ ಅನೇಕ ಬಾರಿ ಮರೆತುಹೋಗುತ್ತದೆ. ಮೀಟರಿನಲ್ಲಿ 40 ಸಾವಿರ ಎಂದಿದ್ದರೆ ಕಾರು 40 ಸಾವಿರ ಕಿಲೋಮೀಟರ್ ಮಾತ್ರ ಓಡಿದೆ ಎಂದು ನಂಬಿ ಸಂಚಕಾರ ಕೊಟ್ಟುಬಿಡುತ್ತಾರೆ.

ಹಾನಗಲ್ಲ, ಶಿಗ್ಗಾವಿ, ಸವಣೂರು ಹಾಗೂ ಹಿರೇಕೆರೂರು ತಾಲ್ಲೂಕುಗಳ ಅನೇಕ ಕುಟುಂಬಗಳಿಗೆ ಮನೆಯ ಮೊದಲ ಕಾರು ಬೇರೊಬ್ಬರು ಬಳಸಿದ ಕಾರೇ ಆಗಿರುತ್ತದೆ. ಗೋವಿನಜೋಳ, ಹತ್ತಿ ಮಾರಿದ ಹಣ, ನಿವೃತ್ತಿಯ ಹಣ ಅಥವಾ ಮಗನ ಮೊದಲ ವರ್ಷಗಳ ಉಳಿತಾಯ ಅದರಲ್ಲಿ ತೊಡಗುತ್ತದೆ. ವ್ಯವಹಾರ ಬಹುಪಾಲು ಪರಿಚಿತರ ಮಾತಿನ ಮೇಲೆ, ಚಹಾದಂಗಡಿಯ ಬೆಂಚಿನ ಮೇಲೆ ಮುಗಿಯುತ್ತದೆ. ಮಾತು ಸುಳ್ಳಾದಾಗ ಕೈಸುಟ್ಟುಕೊಳ್ಳುವವರು ಇನ್ನೊಂದು ಕಾರು ಕೊಳ್ಳುವ ಶಕ್ತಿ ಇಲ್ಲದವರೇ. ಆದ್ದರಿಂದ ಮೀಟರಿನ ಅಂಕಿಗೆ ಎಷ್ಟು ಬೆಲೆ ಕೊಡಬೇಕು, ಕಾರಿನ ಚರಿತ್ರೆಗೆ ಎಷ್ಟು ಬೆಲೆ ಕೊಡಬೇಕು ಎಂಬ ಪ್ರಶ್ನೆ ಮುಖ್ಯವಾಗುತ್ತದೆ.

ಮೈಲೇಜಿಗೆ ಎರಡು ಅರ್ಥ

ನಮ್ಮಲ್ಲಿ ‘ಮೈಲೇಜ್’ ಎಂದೊಡನೆ ಮನಸ್ಸಿಗೆ ಬರುವುದು ಲೀಟರ್ ಇಂಧನಕ್ಕೆ ಕಾರು ಎಷ್ಟು ಕಿಲೋಮೀಟರ್ ಓಡುತ್ತದೆ ಎಂಬುದು. ಹಳೆಯ ಕಾರಿನ ವಿಷಯದಲ್ಲಿ ಅದಕ್ಕಿಂತ ಮುಖ್ಯವಾದದ್ದು, ಕಾರು ಈವರೆಗೆ ಒಟ್ಟು ಎಷ್ಟು ದೂರ ಓಡಿದೆ ಎಂಬ ಲೆಕ್ಕ. ಓಡೋಮೀಟರ್ ತೋರಿಸುವುದು ಇದನ್ನೇ. ಎರಡಕ್ಕೂ ಸಂಬಂಧವಿಲ್ಲದಿಲ್ಲ. ಒಂದು ಕಾಲದಲ್ಲಿ ಲೀಟರಿಗೆ 18 ಕಿಲೋಮೀಟರ್ ಕೊಡುತ್ತಿದ್ದ ಕಾರು ಈಗ 12 ಕೊಡುತ್ತಿದ್ದರೆ ಅದರ ಎಂಜಿನ್, ಬ್ರೇಕ್, ಟೈರು ಇವುಗಳಲ್ಲಿ ಯಾವುದೋ ಒಂದು ಸರಿಯಿಲ್ಲ ಎಂದೇ ಅರ್ಥ.

ಸ್ವಂತ ಬಳಕೆಯ ಕಾರು ವರ್ಷಕ್ಕೆ ಸುಮಾರು 10 ಸಾವಿರದಿಂದ 15 ಸಾವಿರ ಕಿಲೋಮೀಟರ್ ಓಡುತ್ತದೆ ಎಂಬುದು ವಾಹನ ವ್ಯವಹಾರದಲ್ಲಿ ರೂಢಿಯಲ್ಲಿರುವ ಅಂದಾಜು. ಈ ಲೆಕ್ಕದಲ್ಲಿ ಎಂಟು ವರ್ಷದ ಕಾರು 80 ಸಾವಿರದಿಂದ 1.20 ಲಕ್ಷ ಕಿಲೋಮೀಟರ್ ಓಡಿರಬೇಕು. ಮೀಟರಿನಲ್ಲಿ 35 ಸಾವಿರ ಇದ್ದರೆ ಅದು ಅಸಾಧ್ಯವೇನಲ್ಲ, ಆದರೆ ಕಾರಣ ಕೇಳಲೇಬೇಕು. ಕೇಳಿದ ಕಾರಣಕ್ಕೆ ಕಾಗದದ ಆಧಾರವನ್ನೂ ಕೇಳಬೇಕು.

ಅರವತ್ತು ಸಾವಿರ ಎಲ್ಲೆಡೆಯೂ ಒಂದೇ ಅಲ್ಲ

ಅಂಕಿ ನಿಜವೇ ಇದ್ದರೂ ಅದು ಪೂರ್ಣ ಸತ್ಯವನ್ನು ಹೇಳುವುದಿಲ್ಲ. ಒಂದು ಸರಳ ಲೆಕ್ಕ ನೋಡಿ. ಹೆದ್ದಾರಿಯಲ್ಲಿ ಗಂಟೆಗೆ ಸರಾಸರಿ 60 ಕಿಲೋಮೀಟರ್ ವೇಗದಲ್ಲಿ 60 ಸಾವಿರ ಕಿಲೋಮೀಟರ್ ಓಡಿದ ಕಾರಿನ ಎಂಜಿನ್ 1,000 ಗಂಟೆ ದುಡಿದಿರುತ್ತದೆ. ಬೆಂಗಳೂರಿನಂಥ ನಗರದ ದಟ್ಟಣೆಯಲ್ಲಿ ಗಂಟೆಗೆ ಸರಾಸರಿ 20 ಕಿಲೋಮೀಟರ್ ವೇಗದಲ್ಲಿ ಅಷ್ಟೇ ದೂರ ಓಡಿದ ಕಾರಿನ ಎಂಜಿನ್ 3,000 ಗಂಟೆ ದುಡಿದಿರುತ್ತದೆ. ಮೀಟರಿನ ಅಂಕಿ ಎರಡರಲ್ಲೂ ಒಂದೇ, ದುಡಿಮೆ ಮೂರು ಪಟ್ಟು. ಸಾವಿರಾರು ಬಾರಿ ಒತ್ತಿದ ಕ್ಲಚ್, ಬ್ರೇಕ್‌ಗಳ ಸವೆತ ಇದಕ್ಕೆ ಹೊರತು.

ನಮ್ಮ ನಾಲ್ಕು ತಾಲ್ಲೂಕುಗಳ ರಸ್ತೆಗಳೂ ಒಂದೇ ಬಗೆಯವಲ್ಲ. ಶಿಗ್ಗಾವಿಯು ರಾಷ್ಟ್ರೀಯ ಹೆದ್ದಾರಿ 48ರ ಮೇಲಿದೆ. ಅಲ್ಲಿಂದ ಹುಬ್ಬಳ್ಳಿಗೆ ನಿತ್ಯ ಹೋಗಿಬರುವ ಕಾರು ಬೇಗನೆ ಲಕ್ಷ ಕಿಲೋಮೀಟರ್ ಮುಟ್ಟಿದರೂ ಅದರ ಎಂಜಿನ್ ಸುಸ್ಥಿತಿಯಲ್ಲಿರುವ ಸಾಧ್ಯತೆ ಹೆಚ್ಚು. ಹಾನಗಲ್ಲ ಮಲೆನಾಡಿನ ಅಂಚಿನಲ್ಲಿದೆ. ಶಿರಸಿ ಕಡೆಗೆ ಓಡಾಡುವ ಕಾರುಗಳು ದೀರ್ಘ ಮಳೆಗಾಲವನ್ನು ಎದುರಿಸುವುದರಿಂದ ತಳಭಾಗದ ತುಕ್ಕನ್ನು ವಿಶೇಷವಾಗಿ ಪರೀಕ್ಷಿಸಬೇಕು. ಸವಣೂರು, ಹಿರೇಕೆರೂರು ಭಾಗದಲ್ಲಿ ಹೊಲದ ದಾರಿ, ಕಚ್ಚಾ ರಸ್ತೆಗಳಲ್ಲಿ ಓಡಿದ ಕಾರಿಗೆ ಶತ್ರು ಎಂದರೆ ದೂಳು ಮತ್ತು ಗುಂಡಿ. ಏರ್ ಫಿಲ್ಟರ್ ಸಕಾಲಕ್ಕೆ ಬದಲಾಗದಿದ್ದರೆ ದೂಳು ಎಂಜಿನ್ನಿನೊಳಗೆ ಸೇರಿ ಸವೆತ ಹೆಚ್ಚಿಸುತ್ತದೆ. ಸಸ್ಪೆನ್ಷನ್ ಬೇಗ ಸಡಿಲಗೊಳ್ಳುತ್ತದೆ.

ಅಂಕಿ ಬದಲಾಗುವುದು ಹೇಗೆ?

ಹಿಂದಿನ ಕಾರುಗಳಲ್ಲಿ ಓಡೋಮೀಟರ್ ಯಾಂತ್ರಿಕವಾಗಿತ್ತು. ಹಲವು ಕಾರುಗಳಲ್ಲಿ ಐದೇ ಅಂಕಿಗಳಿದ್ದವು. 99,999 ದಾಟಿದ ಮೇಲೆ ಅದು ತಾನಾಗಿಯೇ ಸೊನ್ನೆಗೆ ಮರಳುತ್ತಿತ್ತು. ಈಗಿನ ಡಿಜಿಟಲ್ ಮೀಟರ್‌ನಲ್ಲಿ ಮೋಸ ಸಾಧ್ಯವಿಲ್ಲ ಎಂಬುದು ತಪ್ಪು ತಿಳಿವಳಿಕೆ. ಸ್ಟೀರಿಂಗ್ ಕೆಳಗಿನ ಪೋರ್ಟ್‌ಗೆ ಉಪಕರಣವೊಂದನ್ನು ಜೋಡಿಸಿ ಅಂಕಿಯನ್ನು ಕೆಲವೇ ನಿಮಿಷಗಳಲ್ಲಿ ಇಳಿಸಬಹುದು. ಇಲ್ಲವೇ ಕಡಿಮೆ ಓಡಿದ ಬೇರೆ ಕಾರಿನ ಮೀಟರನ್ನೇ ತಂದು ಕೂರಿಸಬಹುದು. ಕೆಲವು ಕಾರುಗಳಲ್ಲಿ ಓಡಿದ ದೂರದ ಲೆಕ್ಕ ಮೀಟರಿನಲ್ಲಿ ಮಾತ್ರವಲ್ಲದೆ ಬೇರೆ ಎಲೆಕ್ಟ್ರಾನಿಕ್ ಘಟಕಗಳಲ್ಲೂ ದಾಖಲಾಗಿರುತ್ತದೆ. ಸ್ಕ್ಯಾನರ್ ಇರುವ ಮೆಕ್ಯಾನಿಕ್ ಅದನ್ನು ಓದಿ ಹೋಲಿಸಬಲ್ಲ.

ಉಪಕರಣವಿಲ್ಲದೆಯೂ ಗಮನಿಸಬಹುದಾದ ಕುರುಹುಗಳಿವೆ. ಕ್ಲಚ್, ಬ್ರೇಕ್ ಪೆಡಲ್‌ಗಳ ರಬ್ಬರ್ ಸವೆದು ಗೆರೆಗಳು ಮಾಯವಾಗಿವೆಯೇ? ಸ್ಟೀರಿಂಗ್ ಚಕ್ರ ಕೈ ಹಿಡಿಯುವ ಜಾಗದಲ್ಲಿ ನುಣುಪಾಗಿ ಹೊಳೆಯುತ್ತಿದೆಯೇ? ಚಾಲಕನ ಆಸನದ ಬಾಗಿಲಿನ ಕಡೆಯ ಅಂಚು ಕುಸಿದಿದೆಯೇ? ಬಾಗಿಲು ತೆರೆದಾಗ ಜೋತುಬೀಳುತ್ತದೆಯೇ? 30 ಸಾವಿರ ಓಡಿದೆ ಎನ್ನುವ ಕಾರಿನಲ್ಲಿ ಇವೆಲ್ಲವೂ ಇದ್ದರೆ ಮೀಟರನ್ನು ನಂಬುವಂತಿಲ್ಲ. ಪೆಡಲ್ ರಬ್ಬರ್, ಸ್ಟೀರಿಂಗ್ ಕವರ್ ಮಾತ್ರ ಹೊಚ್ಚಹೊಸದಾಗಿದ್ದರೂ ಸಂಶಯಕ್ಕೆ ಎಡೆಯಿದೆ.

ಟೈರ್ ಕೂಡ ಸಾಕ್ಷಿ ಹೇಳುತ್ತದೆ. ಅದರ ಬದಿಯಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ. ‘2319’ ಎಂದರೆ 2019ರ 23ನೇ ವಾರದಲ್ಲಿ ತಯಾರಾದ ಟೈರ್. ಕಾರಿನ ಟೈರುಗಳು ಸಾಮಾನ್ಯವಾಗಿ 40–50 ಸಾವಿರ ಕಿಲೋಮೀಟರ್ ಬಾಳುತ್ತವೆ. ಮೀಟರ್ 28 ಸಾವಿರ ತೋರಿಸುತ್ತಿದ್ದು ನಾಲ್ಕೂ ಟೈರುಗಳು ಕಾರಿಗಿಂತ ನಾಲ್ಕು ವರ್ಷ ಕಿರಿಯವಾಗಿದ್ದರೆ ಮೊದಲ ಟೈರುಗಳು ಎಲ್ಲಿ ಹೋದವು ಎಂದು ಕೇಳಬೇಕು. ಕಿಟಕಿಯ ಗಾಜುಗಳ ಮೇಲಿನ ತಯಾರಿಕೆಯ ಗುರುತನ್ನೂ ಹೋಲಿಸಬಹುದು. ಒಂದು ಗಾಜಿನ ವರ್ಷ ಮಾತ್ರ ಬೇರೆಯಾಗಿದ್ದರೆ ಅಪಘಾತದ ಸಾಧ್ಯತೆಯ ಬಗ್ಗೆ ವಿಚಾರಿಸಬೇಕು.

ಕಾಗದಗಳಲ್ಲಿ ಅಡಗಿರುವ ಚರಿತ್ರೆ

ಮೀಟರ್ ಒಂದೇ ಅಂಕಿ ಹೇಳುತ್ತದೆ. ಕಾಗದಗಳು ವರ್ಷಗಳ ಕಥೆ ಹೇಳುತ್ತವೆ. ಇವುಗಳಲ್ಲಿ ಅತಿ ಮುಖ್ಯವಾದದ್ದು ಸರ್ವೀಸ್ ದಾಖಲೆ. ಕಂಪನಿಯ ಅಧಿಕೃತ ಸರ್ವೀಸ್ ಕೇಂದ್ರದಲ್ಲಿ ಪ್ರತಿ ಭೇಟಿಯ ದಿನಾಂಕ ಮತ್ತು ಅಂದಿನ ಕಿಲೋಮೀಟರ್ ದಾಖಲಾಗಿರುತ್ತದೆ. ಮಾಲೀಕರ ಜತೆಯಲ್ಲೇ ಹೋಗಿ ಆ ದಾಖಲೆಯನ್ನು ಕೇಳಿ ಪಡೆಯಬಹುದು. 2021ರಲ್ಲಿ 54 ಸಾವಿರ ಇದ್ದ ಕಾರು ಇಂದು 38 ಸಾವಿರ ತೋರಿಸುತ್ತಿದ್ದರೆ ಬೇರೆ ಪರೀಕ್ಷೆಯೇ ಬೇಡ.

ಎರಡನೆಯದು ನೋಂದಣಿ ಪತ್ರ, ಅಂದರೆ ಆರ್‌ಸಿ. ಅದರಲ್ಲಿರುವ ಎಂಜಿನ್ ಸಂಖ್ಯೆ ಹಾಗೂ ಚಾಸಿಸ್ ಸಂಖ್ಯೆಯನ್ನು ಕಾರಿನ ಮೇಲಿರುವ ಸಂಖ್ಯೆಯೊಂದಿಗೆ ಅಕ್ಷರ ಬಿಡದೆ ಹೋಲಿಸಬೇಕು. ಎಷ್ಟನೆಯ ಮಾಲೀಕರು, ತಯಾರಾದ ತಿಂಗಳು ಯಾವುದು, ಸಾಲದ ಹೊರೆ ಇದೆಯೇ ಎಂಬುದನ್ನು ಗಮನಿಸಬೇಕು. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಬ್ಯಾಂಕಿನ ಸಹಿಯಿರುವ ನಮೂನೆ 35 ಬೇಕಾಗುತ್ತದೆ. ಕೇಂದ್ರ ಸಾರಿಗೆ ಇಲಾಖೆಯ ‘ಎಂ-ಪರಿವಾಹನ್’ ಆ್ಯಪ್‌ನಲ್ಲಿ ವಾಹನದ ಸಂಖ್ಯೆ ನಮೂದಿಸಿದರೆ ನೋಂದಣಿ ದಿನಾಂಕ, ವಿಮೆ, ಹೊಗೆ ತಪಾಸಣೆಯ ಅವಧಿ ಮುಂತಾದ ವಿವರಗಳು ಲಭಿಸುತ್ತವೆ.

ಕಾರು ಹಿಂದೆ ಹಳದಿ ಬೋರ್ಡಿನ ಟ್ಯಾಕ್ಸಿಯಾಗಿತ್ತೇ ಎಂಬುದು ಕೇಳಲೇಬೇಕಾದ ಪ್ರಶ್ನೆ. ಟ್ಯಾಕ್ಸಿಯನ್ನು ಸ್ವಂತ ಬಳಕೆಗೆ ಪರಿವರ್ತಿಸಲು ಕಾನೂನಿನಲ್ಲಿ ಅವಕಾಶವಿದೆ. ಆದರೆ ವರ್ಷಕ್ಕೆ 50–60 ಸಾವಿರ ಕಿಲೋಮೀಟರ್ ದುಡಿದ ಕಾರನ್ನು ‘ಡಾಕ್ಟರು ಓಡಿಸಿದ ಕಾರು’ ಎಂಬ ಬೆಲೆಗೆ ಕೊಳ್ಳುವುದು ನಷ್ಟ. ಬಿಳಿ ಬೋರ್ಡಿನಲ್ಲಿದ್ದೇ ಮದುವೆ, ಯಾತ್ರೆಗಳಿಗೆ ಬಾಡಿಗೆ ಓಡಿದ ಕಾರುಗಳ ವಿಷಯದಲ್ಲಿ ಆರ್‌ಸಿ ಏನನ್ನೂ ಹೇಳದು. ಅಲ್ಲಿ ನೆರವಿಗೆ ಬರುವುದು ಫಾಸ್ಟ್ಯಾಗ್. 2021ರ ಫೆಬ್ರುವರಿಯಿಂದ ಕಡ್ಡಾಯವಾದ ಈ ವ್ಯವಸ್ಥೆಯಲ್ಲಿ ಟೋಲ್ ದಾಟಿದ ಪ್ರತಿ ದಿನ, ಪ್ರತಿ ಸ್ಥಳ ಮಾಲೀಕರ ಖಾತೆಯಲ್ಲಿ ದಾಖಲಾಗಿರುತ್ತದೆ. ‘ಊರೊಳಗೇ ಓಡಿಸಿದ್ದು’ ಎನ್ನುವ ಕಾರು ಬಂಕಾಪುರ ಅಥವಾ ಚಳಗೇರಿ ಟೋಲನ್ನು ತಿಂಗಳಿಗೆ ಇಪ್ಪತ್ತು ಬಾರಿ ದಾಟಿದ್ದರೆ ಮಾಲೀಕರ ಮಾತಿಗೂ ದಾಖಲೆಗೂ ತಾಳೆಯಾಗುವುದಿಲ್ಲ. ಸಂಚಾರ ನಿಯಮ ಉಲ್ಲಂಘನೆಯ ಇ-ಚಲನ್‌ಗಳೂ ಕಾರು ಎಲ್ಲೆಲ್ಲಿ ತಿರುಗಿದೆ ಎಂಬುದನ್ನು ತೋರಿಸುತ್ತವೆ. ಬಾಕಿ ದಂಡವನ್ನು ಮಾರುವವರೇ ತೀರಿಸಿರಬೇಕು.

ವಿಮಾ ಪಾಲಿಸಿಯನ್ನೂ ಗಮನವಿಟ್ಟು ಓದಬೇಕು. ಕ್ಲೇಮ್ ಮಾಡದ ಮಾಲೀಕರಿಗೆ ಪ್ರತಿ ವರ್ಷ ‘ನೋ ಕ್ಲೇಮ್ ಬೋನಸ್’ ಏರುತ್ತ ಹೋಗಿ ಗರಿಷ್ಠ ಶೇ 50ರವರೆಗೆ ತಲುಪುತ್ತದೆ. ‘ಒಂದು ಗೀರೂ ಬಿದ್ದಿಲ್ಲ’ ಎಂದು ಹೇಳುವ ಹಳೆಯ ಕಾರಿನ ಪಾಲಿಸಿಯಲ್ಲಿ ಬೋನಸ್ ಸೊನ್ನೆಯಿದ್ದರೆ ಹಿಂದಿನ ವರ್ಷ ಕ್ಲೇಮ್ ಆಗಿರಬಹುದು ಅಥವಾ ವಿಮೆ ನಡುವೆ ತಪ್ಪಿರಬಹುದು. ಈ ಬೋನಸ್ ಮಾಲೀಕರಿಗೆ ಸೇರಿದ್ದು, ಕಾರಿನೊಂದಿಗೆ ಕೊಂಡವರಿಗೆ ಬರುವುದಿಲ್ಲ.

ನೀರು ಹೊಕ್ಕ ಕಾರುಗಳು

2019ರ ಆಗಸ್ಟ್‌ನ ನೆರೆಯಲ್ಲಿ ವರದಾ, ಧರ್ಮಾ ನದಿಗಳು ಉಕ್ಕಿ ಹಾನಗಲ್ಲ, ಸವಣೂರು ತಾಲ್ಲೂಕುಗಳ ಹಳ್ಳಿಗಳಿಗೆ ನೀರು ನುಗ್ಗಿದ್ದು ಈ ಭಾಗದವರಿಗೆ ನೆನಪಿದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತಲಿನ ಬಡಾವಣೆಗಳಲ್ಲಿ, 2023ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಕಾರುಗಳು ನೀರಿನಲ್ಲಿ ನಿಂತವು. ರಿಪೇರಿ ವೆಚ್ಚ ಮಿತಿ ಮೀರಿದ ಕಾರನ್ನು ವಿಮಾ ಕಂಪನಿ ಪೂರ್ಣ ನಷ್ಟವೆಂದು ಪರಿಗಣಿಸಿ ಪರಿಹಾರ ಕೊಟ್ಟ ಬಳಿಕ ಆ ಕಾರು ಗುಜರಿ ಬೆಲೆಗೆ ಮಾರಾಟವಾಗುತ್ತದೆ. ಅಂಥದ್ದನ್ನು ತೊಳೆದು, ಹೊಳಪು ಕೊಟ್ಟು ದೂರದ ಊರಿನಲ್ಲಿ ಮಾರುವ ಅಪಾಯ ಇದ್ದೇ ಇದೆ.

ನೀರು ಹೊಕ್ಕ ಕಾರು ಮೊದಲ ದಿನ ಚೆನ್ನಾಗಿಯೇ ಓಡೀತು. ತಿಂಗಳುಗಳ ನಂತರ ತಂತಿಗಳ ಜೋಡಣೆಗಳು, ಎಲೆಕ್ಟ್ರಾನಿಕ್ ಘಟಕಗಳು ಒಂದೊಂದಾಗಿ ಕೈಕೊಡುತ್ತವೆ. ಏರ್‌ಬ್ಯಾಗ್ ಬೇಕಾದ ಕ್ಷಣದಲ್ಲಿ ತೆರೆಯದೆ ಹೋಗಬಹುದು. ನೆಲದ ಮ್ಯಾಟ್ ಕೆಳಗೆ ಕೈಯಾಡಿಸಿದಾಗ ಸಿಗುವ ಕೆಸರಿನ ಪುಡಿ, ಆಸನದ ಕೆಳಗಿನ ಹಳಿಗಳಲ್ಲಿ ತುಕ್ಕು, ಸ್ಟೆಪ್ನಿ ಇಡುವ ಗುಳಿಯಲ್ಲಿ ಮಣ್ಣಿನ ಗೆರೆ, ಹೆಡ್‌ಲೈಟ್ ಒಳಗೆ ಹಬೆ, ಎಷ್ಟು ಸುಗಂಧ ಸಿಂಪಡಿಸಿದರೂ ಹೋಗದ ಮುಗ್ಗಲು ವಾಸನೆ – ಇವು ಅದರ ಕುರುಹುಗಳು. ಸೀಟ್‌ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿದರೆ ನೀರಿನ ಕಲೆ ಕಾಣಿಸುವುದುಂಟು.

ಕಡಿಮೆ ಓಡಿದ್ದೆಲ್ಲ ಒಳ್ಳೆಯದಲ್ಲ

ನಿಜವಾಗಿಯೂ ಕಡಿಮೆ ಓಡಿದ ಕಾರಿಗೂ ತನ್ನದೇ ಆದ ಕಾಯಿಲೆಗಳಿವೆ. ವರ್ಷಗಟ್ಟಲೆ ನಿಂತ ಕಾರಿನ ರಬ್ಬರ್ ಸೀಲುಗಳು ಒಣಗುತ್ತವೆ, ಬ್ಯಾಟರಿ ಸಾಯುತ್ತದೆ, ಬ್ರೇಕ್ ಡಿಸ್ಕ್‌ಗೆ ತುಕ್ಕು ಹಿಡಿಯುತ್ತದೆ. ಟೈರಿನ ಗೆರೆಗಳು ಹೊಸದರಂತೆ ಕಂಡರೂ ರಬ್ಬರ್ ಗಡುಸಾಗಿರುತ್ತದೆ. ಎಂಜಿನ್ ಆಯಿಲ್ ಬದಲಿಸುವುದಕ್ಕೆ ‘ಇಷ್ಟು ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು’ ಎಂದು ಕಂಪನಿಗಳು ಹೇಳುವುದು ಈ ಕಾರಣಕ್ಕೇ.

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಮಾನದಂಡದ ಡೀಸೆಲ್ ಕಾರುಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹೊಗೆಯ ಮಸಿಯನ್ನು ಹಿಡಿದಿಡುವ ಫಿಲ್ಟರ್ ಆಗಾಗ ಬಿಸಿಯೇರಿ ಆ ಮಸಿಯನ್ನು ಸುಡಬೇಕು. ಅದಕ್ಕೆ ಸ್ವಲ್ಪ ದೀರ್ಘವಾದ, ಸಮವೇಗದ ಓಟ ಬೇಕು. ಮನೆಯಿಂದ ಪೇಟೆಗೆ ಎರಡು ಕಿಲೋಮೀಟರ್ ಮಾತ್ರ ಓಡಿಸಿದ ಡೀಸೆಲ್ ಕಾರಿನಲ್ಲಿ ಈ ಫಿಲ್ಟರ್ ಕಟ್ಟಿಕೊಂಡು ದುಬಾರಿ ರಿಪೇರಿಗೆ ಬರುತ್ತದೆ.

ಎರಡು ಕಾರುಗಳ ಉದಾಹರಣೆ

ಒಂದು ಕಲ್ಪಿತ ಉದಾಹರಣೆಯಿಂದ ವಿಷಯ ಸ್ಪಷ್ಟವಾದೀತು. ಒಂದೇ ಮಾದರಿಯ, 2017ರ ಎರಡು ಪೆಟ್ರೋಲ್ ಕಾರುಗಳು ನಮ್ಮ ಮುಂದಿವೆ ಎಂದಿಟ್ಟುಕೊಳ್ಳೋಣ. ಮೊದಲನೆಯದು 42 ಸಾವಿರ ಕಿಲೋಮೀಟರ್ ತೋರಿಸುತ್ತದೆ. ಮಾರುವವರು ಮೂರನೆಯ ಮಾಲೀಕರು, ಸರ್ವೀಸ್ ದಾಖಲೆಯಿಲ್ಲ. ಎರಡನೆಯದು 96 ಸಾವಿರ ತೋರಿಸುತ್ತದೆ. ಮಾಲೀಕರು ಒಬ್ಬರೇ, ಪ್ರತಿ ವರ್ಷದ ಸರ್ವೀಸ್ ಬಿಲ್ ಇದೆ, ವಿಮೆ ಒಂದು ದಿನವೂ ತಪ್ಪಿಲ್ಲ. ಬಹಳ ಮಂದಿ ಮೊದಲ ಕಾರಿನ ಮುಂದೆಯೇ ನಿಲ್ಲುತ್ತಾರೆ.

ಆದರೆ ಎರಡನೆಯ ಕಾರಿನ ಖರ್ಚನ್ನು ಇಂದೇ ಲೆಕ್ಕ ಹಾಕಬಹುದು. ಕ್ಲಚ್, ಸಸ್ಪೆನ್ಷನ್ ಬುಷ್, ಟೈರು, ಬ್ಯಾಟರಿ ಇವುಗಳಲ್ಲಿ ಯಾವುದು ಬದಲಾಗಿದೆ, ಯಾವುದು ಬಾಕಿಯಿದೆ ಎಂಬುದು ಬಿಲ್ಲುಗಳಲ್ಲೇ ಇದೆ. ಬಾಕಿಯಿರುವುದರ ವೆಚ್ಚವನ್ನು ಮೆಕ್ಯಾನಿಕ್‌ನಿಂದ ಕೇಳಿ ಬೆಲೆಯಲ್ಲಿ ಕಳೆಯಬಹುದು. ಮೊದಲ ಕಾರಿನ ಖರ್ಚನ್ನು ಯಾರೂ ಹೇಳಲಾರರು. ಗೊತ್ತಿರುವ ಸವೆತಕ್ಕೆ ಬೆಲೆ ಕಟ್ಟಬಹುದು, ಗೊತ್ತಿಲ್ಲದ ಚರಿತ್ರೆಗೆ ಬೆಲೆ ಕಟ್ಟಲಾಗದು. ಮೀಟರ್ ಮತ್ತು ದಾಖಲೆ ಪರಸ್ಪರ ಒಪ್ಪಿದರೆ ಮೀಟರನ್ನು ನಂಬಬಹುದು. ಒಪ್ಪದಿದ್ದರೆ ದಾಖಲೆಯನ್ನು ನಂಬಬೇಕು. ದಾಖಲೆಯೇ ಇಲ್ಲದಿದ್ದರೆ ಅಂಕಿ ಎಷ್ಟೇ ಕಡಿಮೆಯಿದ್ದರೂ ಹೆಚ್ಚು ಓಡಿದ ಕಾರಿನ ಬೆಲೆಯನ್ನಷ್ಟೇ ಕೊಡಬೇಕು.

ಹೆಸರು ಬದಲಾಗದಿದ್ದರೆ

ವ್ಯವಹಾರ ಮುಗಿದ ಬಳಿಕ ಆಗುವ ತಪ್ಪು ಮೀಟರಿನ ಮೋಸಕ್ಕಿಂತ ದೊಡ್ಡದು. ನಮೂನೆ 29 ಮತ್ತು 30ಕ್ಕೆ ಖಾಲಿಯಾಗಿಯೇ ಸಹಿ ಹಾಕಿ ದಲ್ಲಾಳಿಯ ಕೈಗಿಟ್ಟು ಮರೆಯುವ ರೂಢಿ ಇದೆ. ಮೋಟಾರು ವಾಹನ ಕಾಯ್ದೆ 1988ರ ಕಲಂ 50ರ ಪ್ರಕಾರ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು.

ಇದನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಫೆಬ್ರುವರಿ 6ರಂದು ನೀಡಿದ ತೀರ್ಪು ನಿದರ್ಶನ. ಕಾರು ಒಬ್ಬರಿಂದ ಒಬ್ಬರಿಗೆ ಕೈ ಬದಲಾಗಿದ್ದರೂ ನೋಂದಣಿ ಮೊದಲಿನ ಮಾಲೀಕರ ಹೆಸರಿನಲ್ಲೇ ಉಳಿದಿತ್ತು. ಅಪಘಾತ ಸಂಭವಿಸಿದಾಗ, ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ನ್ಯಾಯಾಲಯ ಹೇಳಿತು. ಕಾರು ಮಾರಿ ವರ್ಷಗಳಾದ ಮೇಲೂ ನೋಟಿಸು ಮನೆ ಬಾಗಿಲಿಗೆ ಬರಬಹುದು.

ಕೊಂಡವರಿಗೂ ಅಪಾಯವಿದೆ. ಮೂರನೆಯ ವ್ಯಕ್ತಿಗೆ ಆಗುವ ಹಾನಿಯ ವಿಮೆ ಕಾಯ್ದೆಯ ಕಲಂ 157ರಂತೆ ಹೊಸ ಮಾಲೀಕರಿಗೆ ತಾನಾಗಿಯೇ ವರ್ಗವಾದರೂ ಕಾರಿಗೇ ಆಗುವ ಹಾನಿಯ ವಿಮೆ ಹಾಗೆ ವರ್ಗವಾಗುವುದಿಲ್ಲ. 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಕೊಟ್ಟು ಪಾಲಿಸಿಯಲ್ಲಿ ಹೆಸರು ಬದಲಾಯಿಸಿಕೊಳ್ಳಬೇಕು. ಹೊರರಾಜ್ಯದ ಕಾರಾದರೆ ಅಲ್ಲಿನ ಆರ್‌ಟಿಒದಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ ತರಬೇಕು. 12 ತಿಂಗಳು ಮೀರಿ ಇಲ್ಲಿ ಇಟ್ಟುಕೊಳ್ಳುವುದಾದರೆ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು, ಕರ್ನಾಟಕದ ಆಜೀವ ತೆರಿಗೆಯನ್ನೂ ಕಟ್ಟಬೇಕು. ಗೋವಾ, ದೆಹಲಿಯ ‘ಅಗ್ಗದ’ ಕಾರಿನ ಬೆಲೆಗೆ ಈ ತೆರಿಗೆಯನ್ನು ಕೂಡಿಸಿ ನೋಡಿದ ಮೇಲೆಯೇ ಅದು ಅಗ್ಗವೋ ಅಲ್ಲವೋ ತಿಳಿಯುತ್ತದೆ.

ಹಳೆಯ ಕಾರಿನ ವ್ಯಾಪಾರಿಗಳು ನೋಂದಣಿ ಪ್ರಾಧಿಕಾರದಿಂದ ಅಧಿಕಾರ ಪತ್ರ ಪಡೆಯುವ ವ್ಯವಸ್ಥೆ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅಂಥ ಅಧಿಕೃತ ವ್ಯಾಪಾರಿಯ ವಶದಲ್ಲಿರುವಾಗ ಕಾರಿನ ಹೊಣೆ ಆತನದೇ. ಕಾರು ಓಡಿದ ವಿವರವನ್ನೂ ಆತ ದಾಖಲಿಸಿಡಬೇಕು. ವ್ಯಾಪಾರಿಯಿಂದ ಕೊಳ್ಳುವವರು ಈ ಪತ್ರ ಕೇಳುವುದರಲ್ಲಿ ಸಂಕೋಚ ಪಡಬೇಕಿಲ್ಲ.

ಸಂಚಕಾರ ಕೊಡುವ ಮುನ್ನ

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಕಾರು ನೋಡಲು ಹೋಗಿ. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ತನ್ನ ದೋಷ ಮರೆಸುತ್ತದೆ. ಕನಿಷ್ಠ ಹತ್ತು ಕಿಲೋಮೀಟರ್, ಕೆಟ್ಟ ರಸ್ತೆಯೂ ಸೇರಿದಂತೆ, ಓಡಿಸಿ ನೋಡಿ. ಮಾರುವವರು ಸೂಚಿಸಿದ ಮೆಕ್ಯಾನಿಕ್‌ಗೆ ಬದಲು ನಿಮ್ಮ ನಂಬಿಕೆಯವರಿಂದ ತಪಾಸಣೆ ಮಾಡಿಸಿ. ಅದಕ್ಕೆ ತಗಲುವ ಹಣ ನಷ್ಟವಲ್ಲ.

ಕರಾರು ಪತ್ರದಲ್ಲಿ ಅಂದಿನ ದಿನಾಂಕ, ಗಂಟೆ, ಮೀಟರಿನ ಅಂಕಿ, ‘ಈ ಅಂಕಿ ನಿಜ, ಕಾರು ದೊಡ್ಡ ಅಪಘಾತಕ್ಕಾಗಲಿ ನೆರೆಗಾಗಲಿ ಸಿಲುಕಿಲ್ಲ’ ಎಂಬ ಮಾತನ್ನು ಬರೆಸಿ ಸಹಿ ಪಡೆಯಿರಿ. ಅಂಕಿ ತಿದ್ದಿ ಮಾರಿದ್ದು ಸಾಬೀತಾದರೆ ವಂಚನೆಯ ದೂರು ಕೊಡಬಹುದು. ವ್ಯಾಪಾರಿಯಿಂದ ಕೊಂಡಿದ್ದರೆ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕರ ಆಯೋಗದ ಮೊರೆಯನ್ನೂ ಹೋಗಬಹುದು. ಎರಡೂ ಕಡೆ ಬಾಯಿಮಾತಿಗಿಂತ ಬರೆದ ಮಾತಿಗೆ ತೂಕ ಹೆಚ್ಚು. ಪ್ರಾಮಾಣಿಕವಾಗಿ ಮಾರುವವರು ಇದನ್ನು ಬರೆದುಕೊಡಲು ಹಿಂಜರಿಯುವುದಿಲ್ಲ. ಹಿಂಜರಿದರೆ ಆ ಹಿಂಜರಿಕೆಯೇ ಕಾರಿನ ಚರಿತ್ರೆಯ ಒಂದು ಪುಟವೆಂದು ತಿಳಿಯಬೇಕು. ಹಣದ ಕೊನೆಯ ಕಂತನ್ನು ಆರ್‌ಸಿಯಲ್ಲಿ ಹೆಸರು ಬದಲಾದ ಮೇಲೆ ಕೊಡುವ ಒಪ್ಪಂದ ಇಬ್ಬರಿಗೂ ಕ್ಷೇಮಕರ.

ಸಂತೆಯಲ್ಲಿ ಹಿರಿಯರು ಹಲ್ಲು ಎಣಿಸುವುದನ್ನು ಬಿಟ್ಟಿರಲಿಲ್ಲ. ಆದರೆ ಎತ್ತು ಯಾರ ಮನೆಯದು, ಯಾವ ಹೊಲದಲ್ಲಿ ದುಡಿಯಿತು ಎಂದು ಕೇಳದೆ ಹಗ್ಗ ಹಿಡಿಯುತ್ತಿರಲಿಲ್ಲ. ಕಾರಿನ ಕೀಲಿ ಕೈಗೆ ತೆಗೆದುಕೊಳ್ಳುವ ಮುನ್ನ ಅದೇ ಪ್ರಶ್ನೆಯನ್ನು ಕೇಳಿದರೆ ಸಾಕು, ಅರ್ಧ ಮೋಸ ಅಲ್ಲಿಗೇ ತಪ್ಪುತ್ತದೆ.